ಬಲಮಗ್ಗುಲ ಗಾಳಿ

ನಾನು ನಿಂತಿದ್ದದ್ದು ಹಡಗಿನ ಬಲಮಗ್ಗುಲಲ್ಲಿ, ಕೆಳಗಿನ ಡೆಕ್ಕಿನ ಮೇಲೆ, ಕುಡಿಯುವ ನೀರಿನ ಪೀಪಾಯಿಯ ಪಕ್ಕದಲ್ಲಿ. ಎಪ್ಪತ್ತರ ದಶಕದ ನಡುಮಧ್ಯೆ, ಯುಗಾದಿ ಕಳೆದ ಮೂರನೆಯ ವಾರ, ಗುರುವಾರ. ನನ್ನ ಕೈಗಡಿಯಾರದಲ್ಲಿ ಸಂಜೆ ನಾಲ್ಕೂಕಾಲು. ಆ ಗಡಿಯಾರ ದಿನಕ್ಕೆ ಐದು ನಿಮಿಷ ಮುಂದೆ ಓಡುತ್ತಿತ್ತು. ಬೆಳಿಗ್ಗೆ ಬೊಂಬಾಯಿಯಲ್ಲಿ ಹಡಗು ಹತ್ತುವ ಧಕ್ಕೆಯಲ್ಲಿ ಸರಿಮಾಡಿಕೊಂಡಿದ್ದೆ, ಆದ್ದರಿಂದ ನಾಲ್ಕು ಗಂಟೆ ಹದಿನಾಲ್ಕು ನಿಮಿಷ ಎಂದಿಟ್ಟುಕೊಳ್ಳಿ. ನನಗೂ ನಾಗರತ್ನಳಿಗೂ ನಡುವೆ ಎಂಟು ಅಡಿ ಜಾಗ. ಅಡ್ಡ ಯಾರೂ ಇರಲಿಲ್ಲ.

ಇಷ್ಟು ಕರಾರುವಾಕ್ಕಾಗಿ ಹೇಳುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ. ಮದುವೆಮನೆಗಳಲ್ಲಿ, ಊಟದ ಪಂಕ್ತಿಯಲ್ಲಿ, ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಕಡೆಯ ಜನ ನನ್ನನ್ನು ನಿಲ್ಲಿಸಿ, 'ಅವತ್ತು ಅಡ್ಗಲ್ಲಿ ಏನಾಯ್ತು ಮೇಷ್ಟ್ರೇ?' ಎಂದು ಕೇಳಿದ್ದಾರೆ. ಹೇಳಿ ಹೇಳಿ ಸುಸ್ತಾಗಿದ್ದೇನೆ. ಸುಸ್ತಿಗೆ ಹೇಳಿದ್ದು ಕಾರಣವಲ್ಲ; ಪ್ರತಿ ಸಲವೂ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಸರಿಯಾಗಿ ಹೇಳಬೇಕಾಗಿ ಬಂದದ್ದು ಕಾರಣ. ಆ ಒಂದು ಮಾತನ್ನು ಈಗ ಹೇಳಬಹುದು.

ನೆನಪಿಗೆ ಬಂದದ್ದು ನನ್ನ ಸೊಸೆಯ ದೆಸೆಯಿಂದ. ನನಗೆ ಕಾಗದ ಕಂಡರೆ ಅದರ ಮೇಲೆ ಭಾರ ಇಡುವ ಚಾಳಿ. ಪೇಪರಿನ ಮೇಲೆ ಕುಟ್ಟಾಣಿ, ಕರೆಂಟು ಬಿಲ್ಲಿನ ಮೇಲೆ ಹಳೆಯ ಪಾವು, ಮೊಮ್ಮಗಳ ಚಿತ್ರದ ಹಾಳೆಯ ಮೇಲೆ ಗುಂಡುಕಲ್ಲು. ಕಿಟಕಿ ಮುಚ್ಚಿದ್ದರೂ, ಫ್ಯಾನು ನಿಂತಿದ್ದರೂ ಇಡುತ್ತೇನೆ. ಹೋದ ವಾರ ಮನೆಗೊಂದು ಮದುವೆಯ ಕರೆಯೋಲೆ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು. ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದು, ಮೇಜಿನ ಮೇಲಿಟ್ಟು, ಮೇಲೆ ಕುಟ್ಟಾಣಿ ಹೇರಿದೆ. ಸೊಸೆ ಮಧ್ಯಾಹ್ನವೆಲ್ಲ ಕುಟ್ಟಾಣಿ ಹುಡುಕಿ, ಕೊನೆಗೆ ಅಲ್ಲಿ ಕಂಡು, "ಮಾವ, ಗೋಡೆ ಮೇಲಿರೋ ಕ್ಯಾಲೆಂಡರಿಗೆ ಏನ್ ಮಾಡೋಣ? ಅದಕ್ಕೂ ಒಂದು ಕಲ್ಲು ಕಟ್ಟಿ ನೇತಾಕ್ಲಾ?" ಎಂದಳು. ನಕ್ಕೆ. ನಕ್ಕ ಮೇಲೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ.

ನಮ್ಮ ಕಡೆಯವರಿಗೆ ನೀರೆಂದರೆ ನಾಲೆಯ ನೀರು. ತೂಬು ಎತ್ತಿದರೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಅದಕ್ಕೆ ಸರದಿ ಇದೆ, ಜಗಳವಿದೆ, ಇಂಥವರ ಗದ್ದೆಯಿಂದ ಇಂಥವರ ಗದ್ದೆಗೆ ಎಂಬ ದಾರಿಯಿದೆ. ನಾನು ಈಜು ಕಲಿತದ್ದು ಹೊಳಲಿನ ನಮ್ಮ ಗದ್ದೆಯ ಪಕ್ಕದ ಕಾಲುವೆಯಲ್ಲಿ. ಕಲಿಸಿದವನು ಅಣ್ಣ. ಒಣಗಿದ ಎರಡು ಸೋರೆಬುರುಡೆಗಳನ್ನು ಹಗ್ಗದಿಂದ ಜೋಡಿಸಿ ನನ್ನ ಬೆನ್ನಿಗೆ ಕಟ್ಟಿ, ಯಾವ ಮುನ್ಸೂಚನೆಯನ್ನೂ ಕೊಡದೆ ದಬ್ಬಿದ್ದ. ಮೇಲೆ ಬಂದು ಉಸಿರೆಳೆದುಕೊಂಡಾಗ ಅವನು ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಹಾಗೆ ಸುಮ್ಮನೆ ನೋಡುತ್ತ ಕೂರುವುದು ಅವನ ಗುಣ. ನನಗಿಂತ ಐದು ವರ್ಷಕ್ಕೆ ದೊಡ್ಡವನು. ಮುಂದೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಕೆಲಸಕ್ಕೆ ಸೇರಿದ. ನಾನು ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಮಳವಳ್ಳಿಯ ಹೈಸ್ಕೂಲಿಗೆ ಮೇಷ್ಟ್ರಾದೆ.

ಹಡಗಿನ ಮಾತು ಎತ್ತಿದವರು ಅಪ್ಪನ ಗೆಳೆಯ ಪುಟ್ಟಸ್ವಾಮಣ್ಣ. ಸರ್ಕಾರದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭತ್ತದ ತಾಕುಗಳ ಉಸ್ತುವಾರಿ ಅವರದು. ಅವರ ಒಬ್ಬಳೇ ಮಗಳು ನಾಗರತ್ನ. ಬಿ.ಎ. ಪಾಸು ಮಾಡಿ ಒಂದು ವರ್ಷದಿಂದ ಮನೆಯಲ್ಲಿದ್ದಳು. ಅವಳನ್ನು ಅಣ್ಣನಿಗೆ ಕೊಡುವುದೆಂದು ಮಾತಾಗಿ, ಯುಗಾದಿಯ ಮಾರನೆಯ ವಾರ ಮದ್ದೂರಿನ ಅಯ್ಯನವರು ಲಗ್ನಪತ್ರಿಕೆ ಬರೆದುಕೊಟ್ಟಿದ್ದರು. ಗಂಡಿನ ಮನೆಗೊಂದು, ಹೆಣ್ಣಿನ ಮನೆಗೊಂದು. ಮೇ ಕೊನೆಗೆ ಮುಹೂರ್ತ. ಪುಟ್ಟಸ್ವಾಮಣ್ಣ ಒಮ್ಮೆ ಕೃಷಿ ಪ್ರದರ್ಶನಕ್ಕೆಂದು ಬೊಂಬಾಯಿಗೆ ಹೋದವರು ಗೋವಾಕ್ಕೆ ಹೊರಟಿದ್ದ ಹಡಗನ್ನು ಧಕ್ಕೆಯಲ್ಲಿ ನಿಂತು ನೋಡಿ ಬಂದಿದ್ದರು. ಅಂದಿನಿಂದ ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ.

"ನಮ್ ಕಾಲ ಇಂಗೇ ಗದ್ದೆ ಬದಿನ ಮೇಲೇ ಮುಗುದೋಯ್ತದೆ ಕಣಮ್ಮ," ಎಂದು ಅವ್ವನ ಮುಂದೆ ಕೂತು ಹೇಳಿದರು. "ಬೀಗರು ಆಗೋಕ್ ಮುಂಚೆ ಒಂದ್ ಕಿತ ಎರಡೂ ಮನೆಯೋರು ಒಂದೇ ಅಡ್ಗಲ್ಲಿ ಕೂತ್ಕಂಡು ಬರಾನ. ಕಷ್ಟ ಸುಖ ಗೊತ್ತಾಯ್ತದೆ."

ಅಪ್ಪ ಬರಲಿಲ್ಲ. ಆ ವಾರ ಅವರ ನೀರಿನ ಸರದಿ. "ಇಷ್ಟಗಲ ಸಮುದ್ರ ನೋಡಾಕೋಗಿ ನನ್ ಕಬ್ಬು ಒಣಗುಸ್ಲಾ?" ಎಂದರು. ಪುಟ್ಟಸ್ವಾಮಣ್ಣನ ಹೆಂಡತಿಯೂ ಹಾಲು ಕರೆಯುವ ಎಮ್ಮೆ ಇದೆಯೆಂದು ಉಳಿದರು. ಕೊನೆಗೆ ಹೊರಟವರು ಆರು ಜನ: ಅವ್ವ, ಚಿಕ್ಕರಸಿನಕೆರೆಯ ನಮ್ಮ ಸೋದರತ್ತೆ, ಅಣ್ಣ, ನಾನು, ಪುಟ್ಟಸ್ವಾಮಣ್ಣ, ನಾಗರತ್ನ. ನನಗೆ ಬೇಸಿಗೆ ರಜ. ಅಣ್ಣನ ಕಾರ್ಖಾನೆ ಯಂತ್ರಗಳ ಸಫಾಯಿಗೆಂದು ಹದಿನೈದು ದಿನ ನಿಂತಿತ್ತು.

ಸಾಮಾನು ಕಟ್ಟುವಾಗಲೇ ಅವ್ವ ಎರಡು ತೀರ್ಮಾನ ಮಾಡಿದಳು. ಮೊದಲನೆಯದು, ಅಟ್ಟದ ಮೇಲಿದ್ದ ಸೋರೆಬುರುಡೆಗಳನ್ನು ಇಳಿಸಿದ್ದು. ಹಡಗು ಮುಳುಗಿದರೆ ಇರಲಿ ಎಂದು. ಆರು ಜನಕ್ಕೆ ಎರಡು ಬುರುಡೆ ಯಾವ ಲೆಕ್ಕ ಎಂದು ಅತ್ತೆ ಕೇಳಿದಾಗ, "ಮದ್ವೆ ಆಗೋ ಎರಡು ಮಕ್ಳಿಗೆ ಕಟ್ಟಾನ, ನಾವೆಲ್ಲ ಬಾಳಿದ್ದು ಸಾಕು," ಎಂದಳು. ಎರಡನೆಯದು ಲಗ್ನಪತ್ರಿಕೆ. ದೀಪ ಹಚ್ಚದ ಮನೆಯಲ್ಲಿ ಅದನ್ನು ಇಡಬಾರದು, ಅಪ್ಪ ನೀರು ಕಟ್ಟಲು ಹೋದರೆ ಮನೆಗೆ ಬರುವುದು ಯಾವಾಗಲೋ, ಆದ್ದರಿಂದ ತಾನಿರುವ ಕಡೆ ಅದೂ ಇರಬೇಕು. ಅದನ್ನು ಎರಡು ಅಡಿಕೆ, ಒಂದು ಅರಿಶಿನದ ಕೊಂಬಿನ ಜೊತೆ ಬಿಳಿಯ ಕರ್ಚೀಫಿನಲ್ಲಿಟ್ಟು, ವೈರ್ ಬ್ಯಾಗಿನೊಳಗೆ ಸೇರಿಸಿದಳು. ಬುರುಡೆಗಳನ್ನು ಕಂಡು ಆಮೇಲೆ ಎಷ್ಟೋ ಜನ ನಕ್ಕರು. ಪತ್ರಿಕೆಯನ್ನು ತಂದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಬೊಂಬಾಯಿ ತಲುಪುವ ಹೊತ್ತಿಗೆ ನಾವು ಅರ್ಧ ಸೋತಿದ್ದೆವು. ಮದ್ದೂರಿನಲ್ಲಿ ರೈಲಿನ ಕಿಟಕಿಯಿಂದ ಕೊಂಡ ವಡೆಗಳನ್ನು ಎರಡು ದಿನ ಜೋಪಾನ ಮಾಡಿದ್ದರು ಪುಟ್ಟಸ್ವಾಮಣ್ಣ. ಅವು ಕೊನೆಗೆ ಬಿಲ್ಲೆಕಲ್ಲಿನ ಹಾಗಾಗಿದ್ದವು. ಹಡಗಿನಲ್ಲಿ ನಮ್ಮದು ಡೆಕ್ಕಿನ ಟಿಕೆಟ್ಟು. ಜಮಖಾನ ಹಾಸಿದಷ್ಟು ಜಾಗ ನಮ್ಮದು. ಅವ್ವ ಹಾಸಿದ್ದು ಬಲಮಗ್ಗುಲಿನಲ್ಲಿ, ಹಡಗಿನ ಅಂಚಿನ ಕಟಕಟೆಗೆ ಎರಡು ಮೊಳ ದೂರದಲ್ಲಿ. ಹತ್ತು ಗಂಟೆಗೆ ಹಡಗು ಬಿಟ್ಟಿತು. ಎಡಕ್ಕೆ ದಡದ ಗುಡ್ಡಗಳು ಜೊತೆಗೇ ಬರುತ್ತಿದ್ದವು. ಬಲಕ್ಕೆ ಬರೀ ಸಮುದ್ರ, ಅಲ್ಲಿಂದ ನೇರವಾಗಿ ಮುಖಕ್ಕೆ ಹೊಡೆಯುವ ಗಾಳಿ.

ಆ ಗಾಳಿಯ ಅನುಭವ ಮೊದಲು ಆದದ್ದು ಪುಟ್ಟಸ್ವಾಮಣ್ಣನಿಗೆ. ಊಟ ಮುಗಿಸಿ ಅತ್ತೆ ಎಲೆ ಅಡಿಕೆ ಹಾಕಿಕೊಂಡು, ನಮ್ಮೂರ ಜಗಲಿಯಲ್ಲಿ ಕೂತ ಹಾಗೆಯೇ ಕಟಕಟೆಯಾಚೆಗೆ ಉಗುಳಿದರು. ಅದಷ್ಟೂ ತಿರುಗಿ ಬಂದು ಪುಟ್ಟಸ್ವಾಮಣ್ಣನ ಬಿಳಿಯ ಅಂಗಿಯ ಮೇಲೆ ಬಿತ್ತು.

"ಏನಕ್ಕ ಇದು? ಬೀಗತನಕ್ ಮುಂಚೇನೇ ಓಕುಳಿಯಾ?" ಎಂದರು ಅವರು, ಅಂಗಿಯನ್ನೇ ನೋಡಿಕೊಂಡು.

"ನಾನು ಉಗುದ್ದು ಸಮುದ್ರುಕ್ಕೆ. ಅದು ಬ್ಯಾಡ ಅಂತು. ನೀವು ಈಸ್ಕಂಡ್ರಿ," ಎಂದು ಅತ್ತೆ ಬಾಯೊರಸಿಕೊಂಡರು.

ಎಲ್ಲರೂ ನಕ್ಕರು. ನಾಗರತ್ನಳೂ ನಕ್ಕಳು. ಅವಳ ನಗುವನ್ನು ಅಣ್ಣ ಪಕ್ಕಕ್ಕೆ ತಿರುಗಿ ನೋಡಿದ್ದನ್ನು ನಾನು ನೋಡಿದೆ. ಹಿಂದಿನ ದಿನ ಬೊಂಬಾಯಿಯ ಫುಟ್‌ಪಾತಿನಲ್ಲಿ ಅವನು ಅಂಗೈಯಗಲದ ಒಂದು ಕನ್ನಡಿ ಕೊಂಡಿದ್ದ. ಇನ್ನೂ ಕೊಟ್ಟಿರಲಿಲ್ಲ. ಅಂಗಿಯ ಜೇಬಿನಲ್ಲಿ ಅದರ ಆಕಾರ ಚೌಕಾಗಿ ಕಾಣುತ್ತಿತ್ತು.

ಊಟ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡು ಸಲ ಕಟಕಟೆ ಹಿಡಿದೆ. ಎರಡನೆಯ ಸಲ, ಅತ್ತೆಯ ಅನುಭವದಿಂದ ಪಾಠ ಕಲಿತು, ಎಡಮಗ್ಗುಲಿಗೆ ಓಡಿದೆ. ಆಮೇಲೆ ಪೀಪಾಯಿಗೆ ಒರಗಿ ಕೂತೆ. ನಾಗರತ್ನ ಒಂದು ನಿಂಬೆಹಣ್ಣು ತಂದುಕೊಟ್ಟಳು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಯಾರೂ ಹತ್ತಿರವಿಲ್ಲವೆಂದು ಖಾತರಿ ಮಾಡಿಕೊಂಡು ಕೇಳಿದಳು.

"ಮೇಷ್ಟ್ರೇ, ಮೈಸೂರಲ್ಲಿ ಬಿ.ಎಡ್.ಗೆ ಅರ್ಜಿ ಹಾಕೋಕೆ ಕಡೇ ದಿನ ಯಾವತ್ತು?"

"ಮೇ ಕೊನೆ. ಜೂನ್‌ನಲ್ಲಿ ಕಾಲೇಜು ಶುರು."

"ಮದುವೆಯಾದೋರನ್ನ ಸೇರಿಸ್ಕೊತಾರಾ?"

"ಸೇರಿಸ್ಕೊತಾರೆ. ಮನೇಲಿ ಕಳಿಸಬೇಕಲ್ಲ."

"ನಿಮ್ಮವ್ವ ಕಳಿಸ್ತಾರಾ?"

ನಾನು ಮೇಷ್ಟ್ರು. ತಿಳಿಯದ ಪ್ರಶ್ನೆಗೆ ಉತ್ತರವಿದೆಯೆಂಬಂತೆ ಮುಖ ಮಾಡುವುದು ನಮ್ಮ ಕಸುಬು. ಆದರೆ ಈ ಪ್ರಶ್ನೆಯ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ಒಳ್ಳೆಯವಳು, ಸೊಸೆಯನ್ನು ಮಗಳ ಹಾಗೆ ನೋಡಿಕೊಳ್ಳುವಳು, ಹೊಸ್ತಿಲು ಮಾತ್ರ ದಾಟಿಸುವುದಿಲ್ಲ. ನಾನು ನಿಂಬೆಹಣ್ಣು ಮೂಸಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ.

"ನಮ್ಮಪ್ಪನ್ನ ಆರು ತಿಂಗಳಿಂದ ಕೇಳ್ತಿದ್ದೀನಿ," ಎಂದಳು. "ಮದುವೆ ಆದಮೇಲೆ ಗಂಡನ್ನ ಕೇಳು ಅಂತಾರೆ. ಒಂದೇ ಒಂದು ವರ್ಷ ಸಿಕ್ಕಿದ್ರೆ ಸಾಕಿತ್ತು." ಅಷ್ಟು ಹೇಳಿ ಜಮಖಾನದ ಕಡೆ ಹೋದಳು.

ನಾಲ್ಕು ಗಂಟೆಯ ಹೊತ್ತಿಗೆ ಹಡಗು ಒಂದು ಊರಿನ ಎದುರು ನಿಂತಿತು. ಅಲ್ಲಿ ಧಕ್ಕೆ ಇರಲಿಲ್ಲ. ದಡದಿಂದ ದೋಣಿಗಳು ಬಂದು ಜನರನ್ನು ಇಳಿಸಿಕೊಂಡು ಹೋಗುವುದು ಪದ್ಧತಿ. ಡೆಕ್ಕಿನ ಜನವೆಲ್ಲ ನೋಡಲೆಂದು ಎಡಮಗ್ಗುಲಿಗೆ ಹೋಯಿತು. ಬಾಗಿನ ಕೊಡಲು ಇದೇ ಸಮಯ ಎಂದು ಅವ್ವ ಎದ್ದಳು. ಕಾವೇರಿ ದಾಟುವಾಗ ಬಸ್ಸಿನಿಂದಲೇ ಕಾಸು ಎಸೆದು ಕೈಮುಗಿಯುವವಳು, ಇಷ್ಟು ದೊಡ್ಡ ನೀರಿಗೆ ಬರಿಗೈಲಿ ಹೋಗುತ್ತಾಳೆಯೆ? ಪುಟ್ಟ ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ಅಕ್ಕಿ, ಬೆಲ್ಲ, ಒಂದು ತೆಂಗಿನಕಾಯಿ ಇಟ್ಟು ಮಂಡ್ಯದಿಂದಲೇ ತಂದಿದ್ದಳು. ನಾಗರತ್ನ ಜೊತೆಗೆ ಏಳಹೋದಳು.

"ನೀನು ಇಲ್ಲೇ ಸಾಮಾನು ನೋಡ್ಕಂಡಿರವ್ವ," ಎಂದರು ಅತ್ತೆ. "ಮದ್ವೆ ಆಗ್ದೋರು ಬಾಗಿನ ಕೊಡಂಗಿಲ್ಲ. ಮುಂದಿನ್ ಕಿತ ನೀನೇ ಕೊಡೀವಂತೆ."

ಪುಟ್ಟಸ್ವಾಮಣ್ಣ ಮೊರ ಇಳಿಬಿಡಲು ಹಗ್ಗ ಹಿಡಿದು ಅವರ ಹಿಂದೆ ಹೋದರು. ಅಣ್ಣ ಮೇಲಿನ ಡೆಕ್ಕಿನಲ್ಲಿ ಟೀ ಸಿಗುತ್ತದೆಂದು ಆಗಲೇ ಮೆಟ್ಟಿಲು ಹತ್ತಿ ಹೋಗಿದ್ದ. ನಾನು ಎದ್ದು ನಿಂತೆ, ಪೀಪಾಯಿಯಿಂದ ಒಂದು ಲೋಟ ನೀರು ಹಿಡಿಯಲು.

ನಾನು ಕಂಡದ್ದು ಇದು. ನಾಗರತ್ನ ವೈರ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಕರ್ಚೀಫು ತೆಗೆದು ಬಿಚ್ಚಿದಳು. ಪತ್ರಿಕೆಗೆ ಸುತ್ತಿದ್ದ ಅರಿಶಿನದ ದಾರವನ್ನು ಬಿಡಿಸಿ ಕಿರುಬೆರಳಿಗೆ ಹಾಕಿಕೊಂಡಳು. ಪತ್ರಿಕೆ ತೆರೆದು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಎರಡು ಅಡಿಕೆಯನ್ನೂ ಅರಿಶಿನದ ಕೊಂಬನ್ನೂ ಅದರ ನಡುವೆ ಇಟ್ಟು, ಮಡಿಸಿ, ಮತ್ತೆ ಮಡಿಸಿ, ದಾರ ಸುತ್ತಿದಳು. ನಾನು ಎಣಿಸಿದೆ. ಏಳು ಸುತ್ತು. ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಲ್ಲಿ ಕಡಿದಳು. ಎದ್ದು ಕಟಕಟೆಯ ಹತ್ತಿರ ಹೋದಳು. ಗಾಳಿಗೆ ಅವಳ ಸೆರಗು ಹಿಂದಕ್ಕೆ, ಹಡಗಿನ ಒಳಕ್ಕೆ ಹಾರುತ್ತಿತ್ತು. ತೋಳನ್ನು ಹೊರಕ್ಕೆ ಚಾಚಿ ಬೆರಳು ಬಿಟ್ಟಳು. ಎಸೆಯಲಿಲ್ಲ, ಬಿಟ್ಟಳು. ಅದು ನೆಟ್ಟಗೆ ಕೆಳಗೆ ಹೋಯಿತು.

ಅವಳು ತಿರುಗಿದಾಗ ನಾನು ಎದುರಿಗಿದ್ದೆ. ಲೋಟ ತುಂಬಿ ನನ್ನ ಪಾದದ ಮೇಲೆ ನೀರು ಸುರಿಯುತ್ತಿತ್ತು. ಅವಳು ಬೆಚ್ಚಲಿಲ್ಲ. ಕೊಡ ಇಳಿಸಿದವರ ಹಾಗೆ ಒಮ್ಮೆ ಉಸಿರು ಬಿಟ್ಟು, ಜಮಖಾನದ ಮೇಲೆ ಕೂತಳು. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನು ಪೀಪಾಯಿಯ ನಲ್ಲಿ ನಿಲ್ಲಿಸಿದೆ.

ಎಡಮಗ್ಗುಲಿನಲ್ಲಿ ಬಾಗಿನದ ಗತಿ ಬೇರೆಯಾಗಿತ್ತು. ಹಗ್ಗ ಕಟ್ಟಿ ಇಳಿಬಿಟ್ಟ ಮೊರ ಅರ್ಧದಲ್ಲಿ ಓರೆಯಾಯಿತಂತೆ. ಬಳೆ, ಅಕ್ಕಿ ನೀರಿಗೆ ಬಿದ್ದವು. ತೆಂಗಿನಕಾಯಿ ಕೆಳಗಿನ ದೋಣಿಯೊಂದರೊಳಕ್ಕೆ ಬಿತ್ತು. ಅಂಬಿಗ ಅದನ್ನೆತ್ತಿ ಹಣೆಗೆ ಮುಟ್ಟಿಸಿಕೊಂಡು, ಅವ್ವನಿಗೆ ಕೈಮುಗಿದು, ಕಾಲಡಿ ಇಟ್ಟುಕೊಂಡನಂತೆ. ಅತ್ತೆ ದಾರಿಯುದ್ದಕ್ಕೂ ಇದನ್ನೇ ಹೇಳುತ್ತ ಬಂದರು. "ಈಸ್ಕಳಾಕೆ ಗಂಗಮ್ಮ ಆಳ್ನ ಕಳ್ಸವ್ಳೆ, ಇನ್ನೇನಾಗ್ಬೇಕು?"

ಅವ್ವನಿಗೆ ನಗು ಬಂದಿರಲಿಲ್ಲ. ಕೂತವಳೇ ಕುಂಕುಮದ ಭರಣಿ ಇಡಲು ಬ್ಯಾಗಿಗೆ ಕೈ ಹಾಕಿದಳು. ಬರೀ ಕರ್ಚೀಫು ಬಂತು.

"ಪತ್ರಿಕೆ ಎಲ್ಲವ್ವ?"

ನಾಗರತ್ನ ತಲೆಯೆತ್ತಿದಳು. ಹೇಳಿಬಿಡಲು ಬಾಯಿ ತೆರೆದಳು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅವಳಿಗಿಂತ ಮೊದಲು ನಾನು ಮಾತಾಡಿದೆ.

"ಗಾಳಿಗೆ ಓಯ್ತು ಕಣವ್ವ."

"ಏನ್ಲಾ ಅಂಗಂದ್ರೆ?"

"ಅರಿಶಿನ ಒದ್ದೆಯಾಗಿತ್ತು. ಒಣಗ್ಲಿ ಅಂತ ತೆಗುದ್ಲು. ಗಾಳಿ ಎತ್ಕಂಡೋಯ್ತು. ನಾನ್ ನೋಡ್ದೆ."

ಸುಳ್ಳಿಗೆ ಇಷ್ಟು ಚೆನ್ನಾಗಿ ಕೈಕಾಲು ಜೋಡಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಪುಟ್ಟಸ್ವಾಮಣ್ಣ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತಮ್ಮ ಅಂಗಿಯ ಮೇಲಿನ ಕೆಂಪು ಕಲೆಯನ್ನು ಉಗುರಿನಿಂದ ಕೆರೆಯುತ್ತ ಕೂತರು. ಅವ್ವ ಮೆಲ್ಲಗೆ ಹೇಳಿದಳು. "ಬಾಗಿನ ಅವ್ಳಿಗೆ ಸೇರ್ನಿಲ್ಲ. ಅದಕ್ಕೆ ಪತ್ರಿಕೆ ತಕಂಡ್ಲು."

ಅಣ್ಣ ಆಗ ಮೆಟ್ಟಿಲಿಳಿದು ಬಂದ. ಎರಡು ಕೈಯಲ್ಲಿ ಎರಡು ಲೋಟ ಟೀ. ಒಂದನ್ನು ಅತ್ತೆಗೆ, ಒಂದನ್ನು ನಾಗರತ್ನಳಿಗೆ ಕೊಟ್ಟ. ಏನಾಯಿತೆಂದು ಪುಟ್ಟಸ್ವಾಮಣ್ಣ ಹೇಳಿದರು. ಅವನು "ಹೂಂ" ಎಂದ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಇದೇನ್ಲಾ ಇದು, ಕೆರೆ ನೀರು ತಂದಿದ್ದೀಯ? ಎಂಡ್ತಿ ಆಗೋಳ್ಗೆ ಮೊದಲ್ನೇ ಕಿತ ಟೀ ತಂದವ್ನೆ, ಅದೂ ಆರೋಗಿರೋದು."

ನಾಗರತ್ನ ಆ ಟೀಯನ್ನು ಪೂರ್ತಿ ಕುಡಿದಳು. ಆ ಹೊತ್ತಿನಲ್ಲಿ ಅವನ ಜೇಬಿನಲ್ಲಿ ಕನ್ನಡಿಯ ಆಕಾರ ಕಾಣುತ್ತಿತ್ತೋ ಇಲ್ಲವೋ, ನಾನು ಗಮನಿಸಲಿಲ್ಲ. ಗಮನಿಸಬೇಕಾಗಿತ್ತು.

ಗೋವಾದಲ್ಲಿ ಎರಡು ದಿನ ಇದ್ದೆವು. ಏನು ನೋಡಿದೆವೆಂದು ಕೇಳಬೇಡಿ. ಸೋರೆಬುರುಡೆಗಳನ್ನು ಹೊತ್ತು ನಡೆದದ್ದು ನೆನಪಿದೆ. ವಾಪಸು ರೈಲಿನಲ್ಲಿ ಆರು ಜನರೂ ಕೂತಲ್ಲೇ ತೂಕಡಿಸುತ್ತ ಬಂದೆವು. ಎಚ್ಚರವಿದ್ದರೆ ಮಾತಾಡಬೇಕಾಗುತ್ತಿತ್ತಲ್ಲ.

ಮುಂದಿನ ಸೋಮವಾರ ಮದ್ದೂರಿನ ಅಯ್ಯನವರ ಮನೆ. ಹಜಾರದಲ್ಲಿ ದೀಪ ಉರಿಯುತ್ತಿತ್ತು. ಒಂದು ಕಡೆ ಅಪ್ಪ, ಅವ್ವ, ಅಣ್ಣ, ನಾನು. ಎದುರಿಗೆ ಪುಟ್ಟಸ್ವಾಮಣ್ಣ. ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೋಡಪ್ಪ, ಇದರಲ್ಲಿ ಎರಡು ಬಗೆ ಇದೆ. ಮನುಷ್ಯರ ಕೈಜಾರಿ ಹೋಗಿದ್ದರೆ ಅದು ಅಜಾಗರೂಕತೆ. ಸಣ್ಣದೊಂದು ಶಾಂತಿ ಮಾಡಿ ಬೇರೆ ಪತ್ರಿಕೆ ಬರೆದುಕೊಡುತ್ತೇನೆ, ಇದೇ ಮುಹೂರ್ತಕ್ಕೆ ಮದುವೆ ನಡೆಸಬಹುದು. ಕೈಯಲ್ಲಿಲ್ಲದಾಗ ಗಾಳಿ ತೆಗೆದುಕೊಂಡು ಹೋಗಿದ್ದರೆ ಅದು ದೈವ. ಒಂದು ವರ್ಷ ತಡೆಯಬೇಕು. ನೀನು ಓದಿದವನು. ಕೈಜಾರಿದ್ದೋ, ಗಾಳಿಯೋ?"

ನನ್ನ ಮುಂದೆ ಇದ್ದದ್ದು ಎರಡು ಸುಳ್ಳು. ಕೈಜಾರಿತು ಎಂದರೆ ಅಣ್ಣನಿಗೆ ಮೇ ಕೊನೆಗೆ ಮದುವೆ. ಗಾಳಿ ಎಂದರೆ ನಾಗರತ್ನಳಿಗೆ ಒಂದು ವರ್ಷ. ನಿಜ ಹೇಳಿದರೆ ಪುಟ್ಟಸ್ವಾಮಣ್ಣ ಆ ಹಜಾರದಿಂದ ತಲೆಯೆತ್ತಿಕೊಂಡು ಹೊರಗೆ ಹೋಗುತ್ತಿರಲಿಲ್ಲ. ಅಣ್ಣ ನನ್ನ ಪಕ್ಕದಲ್ಲೇ, ನೆಲದ ಕೆಂಪು ಗಾರೆಯನ್ನು ನೋಡುತ್ತ ಕೂತಿದ್ದ. ಬೆನ್ನಿಗೆ ಬುರುಡೆ ಕಟ್ಟಿ ನನ್ನನ್ನು ನೀರಿಗೆ ದಬ್ಬಿದವನು, ನಾನು ಮೇಲೆ ಬರುವವರೆಗೆ ಕಣ್ಣು ತೆಗೆಯದವನು.

"ಗಾಳಿ," ಎಂದೆ.

"ಬೇರೆ ಯಾರಾದರೂ ಕಂಡವರಿದ್ದಾರೆಯೆ?"

ಅಣ್ಣ, ನೆಲದಿಂದ ಕಣ್ಣೆತ್ತದೆ, "ಅವನು ಮೇಷ್ಟ್ರು, ಬುದ್ದಿ. ನೋಡಿದ್ನೇ ಯೋಳ್ತಾನೆ," ಎಂದ.

ಆ ಮಾತು ನನ್ನ ಎದೆಯಲ್ಲಿ ಐವತ್ತು ವರ್ಷ ಮುಳ್ಳಿನ ಹಾಗೆ ಇತ್ತು. ನನ್ನನ್ನು ನಂಬಿ ಹೇಳಿದ ಮಾತು ಎಂದುಕೊಂಡಿದ್ದೆ.

ಪುಟ್ಟಸ್ವಾಮಣ್ಣ, ಮಗಳು ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂತರೆ ಜನ ನಾಲ್ಕು ಮಾತಾಡುತ್ತಾರೆಂದು ಮೈಸೂರಿಗೆ ಬಿ.ಎಡ್.ಗೆ ಕಳಿಸಿದರು. ವರ್ಷ ತುಂಬುವ ಮೊದಲೇ ಅಣ್ಣ ತನಗೆ ಆ ಸಂಬಂಧ ಬೇಡ ಎಂದ. ಯಾಕೆಂದು ಅಪ್ಪ ಕೇಳಿದ್ದಕ್ಕೆ, "ದೈವ ಬ್ಯಾಡ ಅಂದದ್ದ ನಾವ್ಯಾಕೆ ಇಡ್ಕಂಡ್ ಎಳಿಬೇಕು, ಬುಡಿ," ಎಂದನಂತೆ. ಅಪ್ಪ ಮತ್ತು ಪುಟ್ಟಸ್ವಾಮಣ್ಣನ ಗೆಳೆತನ ಹಾಗೇ ಉಳಿಯಿತು, ಸ್ವಲ್ಪ ಬಿಗಿಯಾಗಿ. ಅಣ್ಣನಿಗೆ ಬೇರೆ ಕಡೆ ಮದುವೆಯಾಯಿತು. ಅತ್ತಿಗೆ ಒಳ್ಳೆಯವರು. ನಾಗರತ್ನ ಮಳವಳ್ಳಿಯಲ್ಲೇ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆಗಿ ಬಂದಳು, ಅಲ್ಲೇ ಮದುವೆಯಾದಳು, ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದಳು. ಪರೀಕ್ಷೆಯ ಕೆಲಸದಲ್ಲಿ ನಾವು ಎಷ್ಟೋ ಸಲ ಒಂದೇ ಕೋಣೆಯಲ್ಲಿ ಕೂತು ಉತ್ತರಪತ್ರಿಕೆ ಕಟ್ಟಿದ್ದೇವೆ. ದಾರ ಸುತ್ತುವ ಕೆಲಸ ಬಂದಾಗ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಹಡಗಿನ ಮಾತು ಒಮ್ಮೆಯೂ ಆಡಲಿಲ್ಲ.

ಹೋದ ವರ್ಷ ಅಣ್ಣನಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ಭಾನುವಾರಗಳಲ್ಲಿ ಹೊಳಲಿಗೆ ಹೋಗಿ ಅವನ ಮಂಚದ ಪಕ್ಕ ಕೂರುತ್ತಿದ್ದೆ. ಒಂದು ಮಧ್ಯಾಹ್ನ, ಅತ್ತಿಗೆ ಒಳಗೆ ಕಾಳು ಹಸನು ಮಾಡುತ್ತಿದ್ದಾಗ, ಅವನು ಕೇಳಿದ.

"ಲೇ, ಅವತ್ತು ಗಾಳಿ ಯಾವ್ ಕಡೆಯಿಂದ ಬೀಸ್ತಿತ್ಲಾ?"

ನಾನು ಅವನ ಹೊದಿಕೆಯನ್ನು ಎಳೆದು ಸರಿಮಾಡಿದೆ.

"ಅತ್ತೆ ಉಗುದ್ದು ಪುಟ್ಟಸ್ವಾಮಣ್ಣನ ಅಂಗಿ ಮ್ಯಾಲ್ ಬಂತಲ್ಲ. ಅದೇ ಮಗ್ಗುಲು ತಾನೆ? ಉಗುಳು ಒಳಕ್ ಬರೋ ಕಡೆ ಕಾಗ್ದ ಎಂಗ್ಲಾ ಆಚೆಗೋಯ್ತದೆ?" ಎರಡು ಸಲ ಉಸಿರೆಳೆದುಕೊಂಡ. "ನಾನು ಟೀ ಇಡ್ಕಂಡು ಮೆಟ್ಲು ಮ್ಯಾಲೇ ಇದ್ದೆ. ದಾರ ಸುತ್ತೋದ್ನೂ ನೋಡ್ದೆ, ಬುಟ್ಟಿದ್ನೂ ನೋಡ್ದೆ. ಎಂಟು ಸುತ್ತು."

"ಏಳು," ಎಂದೆ. ಬಾಯಿಂದ ಬಂದುಬಿಟ್ಟಿತು.

"ಎಂಟು ಕಣ್ಲಾ. ನಾನು ತೂಕ ಬರೀತಿದ್ದೋನು."

ಐವತ್ತು ವರ್ಷ ನಾನು ಹೊತ್ತ ಗುಟ್ಟು ಇಬ್ಬರ ಹೆಗಲ ಮೇಲಿತ್ತು ಎಂದು ತಿಳಿದಾಗ ಹಗುರಾಗಬೇಕಿತ್ತು. ಹಾಗಾಗಲಿಲ್ಲ. "ಮತ್ಯಾಕೆ ಅಯ್ಯನೋರ ಮುಂದೆ ಹೇಳ್ನಿಲ್ಲ?" ಎಂದೆ. "ಕೈಜಾರ್ತು ಅಂತಂದಿದ್ರೆ ಸಾಕಾಗಿತ್ತು. ಅವಳು ನಿನ್ನ ಮನೆಗೆ ಬರ್ತಿದ್ಲು."

ಅವನು ತೊಲೆಯ ಕಡೆ ನೋಡುತ್ತ ಮಲಗಿದ್ದ.

"ಅಷ್ಟು ಜೋಪಾನವಾಗಿ ಕಟ್ಟಿ ಬುಟ್ಟೋಳ್ನ, ಮನೆಗ್ ತಂದು ಏನ್ ಮಾಡಾನ?" ಎಂದ. ಆಮೇಲೆ, "ಕನ್ನಡಿ ನಿಮ್ಮತ್ತಿಗೆಗೆ ಕೊಟ್ಟೆ. ಇನ್ನೂ ಐತೆ," ಎಂದ.

ಅಣ್ಣ ಹೋದದ್ದು ಈ ವರ್ಷ ಸಂಕ್ರಾಂತಿಯ ಹಿಂದಿನ ದಿನ. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾಗರತ್ನ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದಳು, ಕೈಯಲ್ಲಿ ಒಂದು ಊರುಗೋಲು. ಅತ್ತಿಗೆಯ ಹತ್ತಿರ ಕೂತು ಎದ್ದು, ಹೊರಗೆ ಚಪ್ಪರದ ಕೆಳಗೆ ನನ್ನ ಪಕ್ಕದ ಕುರ್ಚಿಗೆ ಬಂದಳು. ಯಾರೋ ಟೀ ತಂದುಕೊಟ್ಟರು. ಹೇಳಿಬಿಡಬೇಕು ಅನ್ನಿಸಿತು. ಹೇಳಿದೆ: ಅವತ್ತು ಅಣ್ಣ ಮೆಟ್ಟಿಲ ಮೇಲಿದ್ದ, ಎಲ್ಲ ಕಂಡಿದ್ದ, ಅಯ್ಯನವರ ಮುಂದೆ ಬೇಕೆಂದೇ ಸುಮ್ಮನಿದ್ದ.

ಅವಳು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಗೊತ್ತಿತ್ತು ಮೇಷ್ಟ್ರೇ," ಎಂದಳು. "ಟೀ ತಣ್ಣಗಿತ್ತಲ್ಲ."

ಮುದುಕರಿಗೆ ಇಂಥವೇ ಮುಖ್ಯವಾಗಿಬಿಡುತ್ತವೆ ನೋಡಿ, ಕೇಳಿಯೇಬಿಟ್ಟೆ. "ದಾರ ಎಷ್ಟು ಸುತ್ತು ಸುತ್ತಿದ್ದೆ? ಏಳೋ, ಎಂಟೋ?"

"ನಾನ್ಯಾಕೆ ಎಣಿಸಲಿ? ಬಿಚ್ಕೋಬಾರ್ದು ಅಂತ ಸುತ್ತಿದೆ," ಎಂದಳು. ಟೀ ಪೂರ್ತಿ ಕುಡಿದು, ಲೋಟವನ್ನು ಕುರ್ಚಿಯ ಕೆಳಗಿಟ್ಟು, ಊರುಗೋಲು ಹುಡುಕಿಕೊಂಡು ಎದ್ದಳು.

ಅವ್ವ, ಅತ್ತೆ, ಪುಟ್ಟಸ್ವಾಮಣ್ಣ ಆಗ ಎಡಮಗ್ಗುಲಲ್ಲಿದ್ದರು. ಅವರು ಏನನ್ನೂ ಕಾಣಲಿಲ್ಲ, ಅವರಾರೂ ಈಗ ಇಲ್ಲ. ಬಲಮಗ್ಗುಲಲ್ಲಿ ಕಂಡವರು ಮೂವರು. ಮೆಟ್ಟಿಲ ಮೇಲೆ ಎರಡು ಲೋಟ ಹಿಡಿದು ನಿಂತಿದ್ದವನು ಹೋದ. ಉಳಿದವರು ಇಬ್ಬರು: ಮಳವಳ್ಳಿಯಲ್ಲಿ ನಾಗರತ್ನ, ಮಂಡ್ಯದಲ್ಲಿ ನಾನು.